ಮಿರಜಿನ ಅಲಗುಗಳು: ಹಿಡಿಯ ಕಾಲ, ಉಕ್ಕಿನ ಕಾಲ

ಸಾಂಗಲಿ–ಮಿರಜ ಸೀಮೆಯ ಹಳೆಯ ವಾಡೆಗಳಲ್ಲಿ ಉಳಿದುಬಂದ ಕತ್ತಿಯೊಂದನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಹಿಡಿಯ ಮೇಲೆ. ಅದರ ಕೆತ್ತನೆಯನ್ನು ನೋಡಿ ‘ಪೇಶ್ವೆಯರ ಕಾಲದ್ದು’ ಎಂದು ತೀರ್ಮಾನಿಸಿಬಿಡುವುದು ವಾಡಿಕೆ. ಕಾಲನಿರ್ಣಯ ಎಡವುವುದು ಇಲ್ಲಿಯೇ. ಅಲಗಿನ ಬಾಲವನ್ನು ಟೊಳ್ಳಾದ ಹಿಡಿಯೊಳಗೆ ಇಳಿಸಿ ಕಾದ ಅರಗಿನಿಂದ ಬಿಗಿಯುವುದು ನಮ್ಮ ಕತ್ತಿಗಾರರ ರೂಢಿ. ಮತ್ತೆ ಕಾಯಿಸಿದರೆ ಅರಗು ಕರಗಿ ಅಲಗು ಬಿಡುತ್ತದೆ. ಆದುದರಿಂದ ಒಂದೇ ಅಲಗು ಮೂರು ತಲೆಮಾರಿನಲ್ಲಿ ಮೂರು ಹಿಡಿಗಳನ್ನು ಕಂಡಿದ್ದರೆ ಆಶ್ಚರ್ಯವಿಲ್ಲ.

ಮಿರಜವು ಆದಿಲಶಾಹಿಯ ಮುಖ್ಯ ಕೋಟೆಗಳಲ್ಲೊಂದು. ಅಫಜಲಖಾನನ ವಧೆಯ ಬಳಿಕ 1659–60ರಲ್ಲಿ ಶಿವಾಜಿ ಅದಕ್ಕೆ ಮುತ್ತಿಗೆ ಹಾಕಿದ್ದನು. ಆ ಶತಮಾನದ ದಖನಿನಲ್ಲಿ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಯುರೋಪಿನ ನೇರ ಅಲಗುಗಳು ಬರುತ್ತಿದ್ದವು. ಕನ್ನಡಿಗರಿಗೆ ಫಿರಂಗಿ ಎಂದರೆ ತೋಪು. ಮರಾಠರಲ್ಲಿ ಆ ಹೆಸರು ಈ ಅಲಗಿನ ಖಡ್ಗಕ್ಕೂ ಸಲ್ಲುತ್ತದೆ. ಉದ್ದಕ್ಕೂ ಕೊರೆದ ಎರಡು ಮೂರು ಕಾಲುವೆಗಳು, ಎದುರುಬದುರಾಗಿ ಒತ್ತಿದ ಕುಡುಗೋಲಿನಂತಹ ಬಾಗುಗುರುತುಗಳು ಅದರ ಚಹರೆ. ಆದರೆ ಬೇಡಿಕೆಯನ್ನರಿತ ದೇಶೀಯ ಕಮ್ಮಾರರೂ ಇದೇ ಗುರುತುಗಳನ್ನು ಒತ್ತಿದರು. ಮುದ್ರೆಯೊಂದನ್ನೇ ನಂಬಿ ಅಲಗನ್ನು ಜರ್ಮನಿಗೋ ಇಟಲಿಗೋ ಸೇರಿಸಿಬಿಡುವುದು ಅವಸರದ ಮಾತು.

ದಖನಿನ ಆಯುಧಗಳ ಕಾಲವನ್ನು ಕಟ್ಟಲು ಗಟ್ಟಿಯಾದ ಆಧಾರ ದೊರೆತದ್ದು ದೂರದ ಬೀಕಾನೇರಿನಲ್ಲಿ. 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ಪರವಾಗಿ ಕಾದಿದ ಅನೂಪಸಿಂಹನು ಆದೋನಿಯಿಂದ ಒಯ್ದ ಆಯುಧಗಳ ಮೇಲೆ ಊರ ಹೆಸರನ್ನೂ ಸಂವತ್ಸರವನ್ನೂ ಚುಕ್ಕೆಗಳಿಂದ ಕೊರೆಸಲಾಗಿದೆ. ಅವು ತಯಾರಾದ ವರ್ಷವನ್ನು ಹೇಳುವುದಿಲ್ಲ, ನಿಜ. ಇದಕ್ಕಿಂತ ಈಚಿನವಲ್ಲ ಎಂದು ಹೇಳುತ್ತವೆ. ಅಷ್ಟೇ ದೊಡ್ಡ ಉಪಕಾರ.

ಅಲಗನ್ನು ಓದಬಲ್ಲವರು ಮಿರಜಿನಲ್ಲಿಯೇ ಇದ್ದರು. ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುವವರು ಶಿಕಲಗಾರರು. ಉಕ್ಕಿನ ಮೈಯಲ್ಲಿ ನೀರಿನ ತೆರೆಯಂತಹ ವಿನ್ಯಾಸವನ್ನು ಕೆಡಿಸದೆ ಎಬ್ಬಿಸುವುದೂ ಅವರ ಕಸುಬಿನ ಭಾಗವೇ. (ಪಾಶ್ಚಾತ್ಯರು ‘ವೂಟ್ಜ್’ ಎಂದು ಬರೆದುಕೊಂಡ ಶಬ್ದದ ಮೂಲ ನಮ್ಮ ‘ಉಕ್ಕು’ ಎಂಬುದು ಹಲವು ವಿದ್ವಾಂಸರ ಮತ.) 19ನೆಯ ಶತಮಾನದ ಮಧ್ಯಭಾಗದಲ್ಲಿ ಈ ಮನೆತನದ ಫರೀದಸಾಹೇಬರು ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ತಂತಿವಾದ್ಯಗಳ ತಯಾರಿಕೆಗೆ ತೊಡಗಿದರೆಂಬುದು ಆ ಕುಟುಂಬಗಳು ಹೇಳಿಕೊಂಡು ಬಂದ ಮಾತು. ಇಂದು ಅವರ ವಂಶಸ್ಥರ ಅಡ್ಡಹೆಸರೇ ‘ಸಿತಾರಮೇಕರ’. ಪಂಢರಪುರ ಸೀಮೆಯ ಸೋರೆಬುರುಡೆಯಿಂದ ಅವರು ಮಾಡುವ ತಂಬೂರಿಗಳು ಹುಬ್ಬಳ್ಳಿ–ಧಾರವಾಡದ ಗಾಯಕರ ಬೆನ್ನಿಗೆ ನುಡಿದಿವೆ.

ಕತ್ತಿಯ ಕಾಲ ಮುಗಿಯುತ್ತಿದ್ದ ಕಾಲವೂ ಅದೇ. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದುದನ್ನು ನಮ್ಮ ಲಾವಣಿಗಳು ಮರೆತಿಲ್ಲ. 1878ರ ಶಸ್ತ್ರ ಕಾಯಿದೆಯ ಹೊತ್ತಿಗೆ ಪರವಾನಗಿಯ ಶಿಸ್ತು ಎಲ್ಲೆಡೆ ಬಿಗಿಯಾಯಿತು. ಶಿಕಲಗಾರರ ಕಸುಬು ಬದಲಾಗಲು ಈ ಕಾನೂನೇ ಕಾರಣವೆನ್ನುವುದಕ್ಕೆ ಫರೀದಸಾಹೇಬರ ಕಾಲವೇ ಅಡ್ಡ ಬರುತ್ತದೆ. ಹೊಸ ಕಸುಬಿನಿಂದ ಹಳೆಯದಕ್ಕೆ ಮರಳುವ ದಾರಿಯನ್ನು ಮಾತ್ರ ಅದು ಮುಚ್ಚಿತು.

ಆ ಕೈಗಳಿಲ್ಲದ ಕಾಲದಲ್ಲಿ ಈಗಿನ ಸಂಗ್ರಾಹಕರು ವಿದ್ಯುತ್ ಸಾಣೆಯಿಂದ ತುಕ್ಕನ್ನು ಉಜ್ಜಿಸುತ್ತಾರೆ. ಕತ್ತಿ ಕನ್ನಡಿಯಂತಾಗುತ್ತದೆ, ಕಾಲುವೆಯ ಅಂಚು, ಮುದ್ರೆ, ಚುಕ್ಕೆಯಕ್ಷರ, ಉಕ್ಕಿನ ತೆರೆ ಎಲ್ಲವೂ ಧೂಳಾಗಿ ಹೋಗುತ್ತವೆ. ತುಕ್ಕಿಗಿಂತ ಹೆಚ್ಚಿನ ಹಾನಿಯನ್ನು ಈ ಹೊಳಪು ಮಾಡಿದೆಯೆಂದರೆ ಅತಿಶಯವಾಗದು. ತೆಳುವಾಗಿ ಎಣ್ಣೆ ಸವರಿ, ಅರಗನ್ನು ಬಿಚ್ಚದೆ ಇಟ್ಟರೆ ಸಾಕಿತ್ತು. ಹಾಗೆ ಉಜ್ಜಿದ ಅಲಗಿನಲ್ಲಿಯೂ ಒಂದು ಜಾಗ ಕೆಲವೊಮ್ಮೆ ಬದುಕಿರುತ್ತದೆ: ಹಿಡಿಯಿಂದ ಅಲಗಿನ ಮೇಲೆ ಚಾಚಿದ ಪಟ್ಟಿಗಳ ಅಡಿಯಲ್ಲಿ, ಸಾಣೆ ತಾಗದ ಬೆರಳಗಲದ ಮೈ. ಪರೀಕ್ಷಿಸುವವರು ಮೊದಲು ನೋಡಬೇಕಾದುದು ಅಲ್ಲಿ.