ವಾರ್ಡಿನ ಗೆರೆಗಳು: ಬೆಂಗಳೂರು ನಗರಾಡಳಿತದ ಚುನಾವಣೆಗಳ ಚರಿತ್ರೆ

ಬೆಂಗಳೂರಿನ ನಗರಾಡಳಿತ ಹುಟ್ಟಿದ್ದು ಒಂದೂರಿಗೆ ಒಂದು ಸಂಸ್ಥೆಯಾಗಿ ಅಲ್ಲ. 1850ರ ಪಟ್ಟಣ ಸುಧಾರಣಾ ಕಾಯಿದೆಯ ಆಧಾರದ ಮೇಲೆ 1862ರ ಮಾರ್ಚ್ 27ರಂದು ಹಳೆಯ ಪೇಟೆಯ ಒಂಬತ್ತು ಮಂದಿ ಪ್ರಮುಖರು ಸೇರಿದ ಒಂದು ಮಂಡಳಿ ರಚನೆಯಾಯಿತು. ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದರಿಂದ ‘ದಂಡು’ ಎಂದೇ ಜನರ ಬಾಯಲ್ಲಿದ್ದ ಕಂಟೋನ್ಮೆಂಟ್‌ಗೂ ಅಂಥದೇ ಇನ್ನೊಂದು ಮಂಡಳಿ ಬಂದಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗ ದಂಡಿನ ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲೇ ಉಳಿದು, ಮುಂದಿನ ಆರೂವರೆ ದಶಕಗಳ ಕಾಲ ಪೇಟೆಯ ಪುರಸಭೆಗೂ ದಂಡಿನ ಪುರಸಭೆಗೂ ಬೇರೆ ಬೇರೆ ಒಡೆಯರು, ಬೇರೆ ಬೇರೆ ಕಾನೂನುಗಳು ಇದ್ದವು.

ಈ ಆರಂಭದ ಮಂಡಳಿಗಳಲ್ಲಿ ಸದಸ್ಯತ್ವವೆಂಬುದು ಸರ್ಕಾರ ಕರೆದು ಕೊಡುವ ಮರ್ಯಾದೆಯಾಗಿತ್ತು. ಸ್ಥಳೀಯ ಸ್ವಯಮಾಡಳಿತಕ್ಕೆ ಒತ್ತುಕೊಟ್ಟ ವೈಸರಾಯ್ ರಿಪ್ಪನ್‌ನ 1882ರ ಗೊತ್ತುವಳಿಯ ನಂತರದ ಕಾಲದಲ್ಲಿ ನಾಮಕರಣದ ಜೊತೆಗೆ ಚುನಾವಣೆಯೂ ಕ್ರಮೇಣ ಸೇರಿಕೊಂಡಿತಾದರೂ, ಮತದ ಹಕ್ಕು ಆಸ್ತಿ, ತೆರಿಗೆ ಮತ್ತು ವಿದ್ಯೆಯ ಅರ್ಹತೆಗಳಿಗೆ ಕಟ್ಟುಬಿದ್ದಿತ್ತು. ಮನೆಗಂದಾಯ ಕಟ್ಟುವವನಿಗೆ ಅದು ಖರ್ಚಾಗುವ ಬಗೆಯನ್ನು ಕೇಳುವ ಹಕ್ಕುಂಟು ಎಂಬುದು ಅಂದಿನ ತರ್ಕ. ಅದೇ ಮನೆಯ ಹಿತ್ತಿಲಲ್ಲಿ ಬಾಡಿಗೆಗಿದ್ದ ಕೂಲಿಕಾರನಿಗೂ ಚರಂಡಿಯ ದುರ್ವಾಸನೆ ತಟ್ಟುತ್ತದೆ ಎಂಬುದು ಆ ತರ್ಕದೊಳಗೆ ಬರಲಿಲ್ಲ. ಅಧ್ಯಕ್ಷ ಸ್ಥಾನದ ಕಥೆಯೂ ಇದೇ ಬಗೆಯದು. ಬಹುಕಾಲ ಅಧಿಕಾರಿಗಳೇ ಕೂರುತ್ತಿದ್ದ ಆ ಪೀಠಕ್ಕೆ 1913ರಲ್ಲಿ ಗೌರವ ಅಧ್ಯಕ್ಷರನ್ನು ನೇಮಿಸುವ ಪದ್ಧತಿ ಬಂದಿತು. ಮುಂದೆ ಪುರಭವನಕ್ಕೆ ಯಾರ ಹೆಸರು ಇಡಲಾಯಿತೋ ಆ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು ಈ ಸ್ಥಾನದಲ್ಲಿದ್ದವರು. 1920ರ ಹೊತ್ತಿಗೆ ಅಧ್ಯಕ್ಷ ಪದವಿಯೂ ಚುನಾವಣೆಯ ಮೂಲಕ ತುಂಬುವಂಥದಾಯಿತು. ಆದರೆ 1926ರಲ್ಲಿ ಕಾರ್ಯನಿರ್ವಹಣೆಯ ಅಧಿಕಾರವನ್ನು ಸರ್ಕಾರ ನೇಮಿಸಿದ ಕಮಿಷನರ್‌ಗೆ ವಹಿಸಿದ್ದರಿಂದ, ಚುನಾಯಿತರು ಚರ್ಚಿಸುವುದು, ನಿಯುಕ್ತರು ನಡೆಸುವುದು ಎಂಬ ಇಬ್ಬಂದಿ ವ್ಯವಸ್ಥೆಗೆ ಅಡಿಪಾಯ ಬಿದ್ದಿತು. ಅದು ಇಂದಿಗೂ ಕದಲಿಲ್ಲ.

1947ರ ಜುಲೈನಲ್ಲಿ ದಂಡಿನ ಪ್ರದೇಶ ಮೈಸೂರಿಗೆ ಮರಳಿದ ಮೇಲೆ, 1949ರ ಡಿಸೆಂಬರ್‌ನಲ್ಲಿ ಎರಡು ಪುರಸಭೆಗಳೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ರೂಪುಗೊಂಡಿತು. 50 ಚುನಾವಣಾ ವಿಭಾಗಗಳಿಂದ 70 ಸದಸ್ಯರು ಆಯ್ಕೆಯಾಗಬೇಕಿತ್ತು, ಅಂದರೆ ಕೆಲವು ವಿಭಾಗಗಳಿಗೆ ಒಬ್ಬರಿಗಿಂತ ಹೆಚ್ಚು ಪ್ರತಿನಿಧಿಗಳಿದ್ದರು. ಊರು ಬೆಳೆದಂತೆ ವಿಭಾಗಗಳು ಹೆಚ್ಚುತ್ತಾ 87ಕ್ಕೇರಿ, 1990ರ ದಶಕದ ನಡುವಿನಲ್ಲಿ 100 ಆದವು.

ಅಷ್ಟರಲ್ಲಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಂಸ್ಥೆಗಳ ಅವಧಿ ಐದು ವರ್ಷ ಮೀರಕೂಡದೆಂದೂ, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ತಿಯಾಗಬೇಕೆಂದೂ ವಿಧಿಸಿ, ಚುನಾವಣೆಯ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿತು. ಆದರೆ ವಾರ್ಡುಗಳ ಪುನರ್ವಿಂಗಡಣೆ, ಎಂದರೆ ಜನಸಂಖ್ಯೆಗೆ ತಕ್ಕಂತೆ ಅವುಗಳ ಸರಹದ್ದನ್ನು ಮತ್ತೆ ಗುರುತಿಸುವ ಕೆಲಸ, ಮತ್ತು ಯಾವ ವಾರ್ಡು ಯಾವ ವರ್ಗಕ್ಕೆ ಮೀಸಲು ಎಂದು ನಿಗದಿಮಾಡುವ ಅಧಿಕಾರ ರಾಜ್ಯ ಸರ್ಕಾರದಲ್ಲೇ ಉಳಿಯಿತು. ಗೆರೆ ಎಳೆಯುವವರೂ ಮತಪೆಟ್ಟಿಗೆ ಇಡುವವರೂ ಬೇರೆಯಾದ್ದರಿಂದ, ಗೆರೆ ಮುಗಿಯುವವರೆಗೆ ಪೆಟ್ಟಿಗೆ ಕಾಯಬೇಕಾಯಿತು. ನಗರದ ಚುನಾವಣೆಗಳು ಪದೇ ಪದೇ ಮುಂದೆ ಹೋದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

2006ರ ನವೆಂಬರ್‌ನಲ್ಲಿ ನೂರು ವಾರ್ಡುಗಳ ಪಾಲಿಕೆಯ ಅವಧಿ ತೀರಿತು. ಮರುವರ್ಷ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತಾದರೂ, ಅದರ 198 ವಾರ್ಡುಗಳಿಗೆ ಮತದಾನ ನಡೆದದ್ದು 2010ರ ಮಾರ್ಚ್ 28ರಂದು. ನಡುವಿನ ಮೂರು ವರ್ಷಕ್ಕೂ ಮೀರಿದ ಕಾಲ ಊರು ಆಡಳಿತಾಧಿಕಾರಿಯ, ಅಂದರೆ ಸರ್ಕಾರ ನೇಮಿಸಿದ ಹಿರಿಯ ಅಧಿಕಾರಿಯ, ಕೈಯಲ್ಲಿತ್ತು. ಆ ಚುನಾವಣೆಯಲ್ಲಿ 111 ಸ್ಥಾನ ಪಡೆದ ಭಾರತೀಯ ಜನತಾ ಪಕ್ಷವು 2015ರ ಆಗಸ್ಟ್‌ನಲ್ಲೂ 100 ಸ್ಥಾನಗಳನ್ನು ಗೆದ್ದಿತು. ಆದರೂ ಮೇಯರ್ ಗಾದಿ ಕಾಂಗ್ರೆಸ್‌ಗೆ ಹೋಯಿತು. ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳ ಜೊತೆಗೆ ನಗರದ ಶಾಸಕರಿಗೂ ಸಂಸದರಿಗೂ ಮತವಿದ್ದು, ಜಾತ್ಯತೀತ ಜನತಾದಳದ ಬೆಂಬಲವೂ ಕೂಡಿ ಲೆಕ್ಕ ತಿರುಗಿತ್ತು. ಮೇಯರ್ ಅಧಿಕಾರದ ಅವಧಿ ಆಗ ಒಂದೇ ವರ್ಷವಾದ್ದರಿಂದ ಆ ಪಾಲಿಕೆ ಐದು ವರ್ಷದಲ್ಲಿ ಐವರು ಮೇಯರ್‌ಗಳನ್ನು ಕಂಡಿತು.

ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಹಳೆಯ ಕಥೆಯೇ ಮರುಕಳಿಸಿತು. ಹೊಸ ಕಾಯಿದೆಯೊಂದು ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಹೆಚ್ಚಿಸಿತು, ಆದರೆ ಅದರಡಿ ಆಯ್ಕೆಯಾಗಲು ಮೇಯರ್ ಒಬ್ಬರೂ ಇರಲಿಲ್ಲ. 198 ವಾರ್ಡುಗಳಿಗೇ ಚುನಾವಣೆ ನಡೆಸಬೇಕೆಂಬ ಹೈಕೋರ್ಟ್ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. ವಾರ್ಡುಗಳ ಸಂಖ್ಯೆ 243 ಎಂದಾಗಿ, ಸರ್ಕಾರ ಬದಲಾದ ಮೇಲೆ 225ಕ್ಕೆ ಇಳಿಯಿತು. ಆ ಎರಡು ಎಣಿಕೆಗಳ ಮೇಲೂ ಒಂದು ಮತ ಬೀಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾಗಿ ವಿಂಗಡಿಸಿ, ಬಳಿಕ ಅವುಗಳಿಗೆ ಒಟ್ಟು 369 ವಾರ್ಡುಗಳನ್ನು ಗೊತ್ತುಮಾಡಲಾಯಿತು. 1949ರಲ್ಲಿ ಒಂದಾದ ಊರು ಹೀಗೆ ಐದಾದ ದಿನ, ಆ ಐದರಲ್ಲಿ ಒಂದರಲ್ಲೂ ಚುನಾಯಿತ ಸದಸ್ಯರಿರಲಿಲ್ಲ.