ಹಾಯಿ ಏರಿದ ಹುಬ್ಬಳ್ಳಿಯ ಹತ್ತಿ

ಹುಬ್ಬಳ್ಳಿ ವಿದ್ಯಾನಗರದ ನಿವೃತ್ತ ದಂಪತಿಗಳು ಬೇಸಿಗೆಯಲ್ಲಿ ಕಡಲು ನೋಡಲು ಹೊರಟರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯೂ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರ ಸೇರುತ್ತಿತ್ತು. ಅಲ್ಲಿಂದ ಹಾಯಿ ಬಿಚ್ಚಿದ ಪತ್ತೇಮಾರಿ ಹಡಗುಗಳಲ್ಲಿ ಮುಂಬಯಿಗೆ. ಎರೆಮಣ್ಣಿನ ಈ ಬೆಳೆ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು.

ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರಕ್ಕೆ ಕಳೆ ಬಂತು.



1880ರ ದಶಕದ ಕೊನೆಗೆ ರೈಲು ಮರ್ಮಗೋವಾ ಬಂದರು ಮುಟ್ಟಿತು. ಹತ್ತಿ ಅತ್ತ ತಿರುಗಿತು. ಆ ಹಳೆಯ ಹತ್ತಿಯ ಹಾದಿಯಂತೆ ಘಟ್ಟ ಇಳಿಯಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ.