ಸಾರಡ್ಕದ ಆಚೆ-ಈಚೆ: ಶಾಲೆ ಕಂಪ್ಯೂಟರಿನಲ್ಲಿ ‘ಬಣ್ಣ’ ಒಡೆಯದೆ ಉಳಿದ ಕಥೆ

ಕಲ್ಲಡ್ಕದಿಂದ ವಿಟ್ಲ ಮಾರ್ಗವಾಗಿ ಚೆರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಅಡ್ಯನಡ್ಕ ಕಳೆದರೆ ಸಾರಡ್ಕ. ಅಲ್ಲಿಗೆ ನಮ್ಮ ಬಂಟ್ವಾಳ ತಾಲೂಕು ಮುಗಿಯಿತು. ಮುಂದೆ ಪೆರ್ಲ, ಕಾಸರಗೋಡು ಜಿಲ್ಲೆ. ಅಡಿಕೆ ತೋಟ ಅದೇ, ಯಕ್ಷಗಾನ ಅದೇ, ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಇದೆ. ಆದರೆ ಶಾಲೆಯ ಕಂಪ್ಯೂಟರ್ ಕೋಣೆಯೊಳಗೆ ಹೋದರೆ ಗಡಿ ದಾಟಿದ್ದು ಗೊತ್ತಾಗುತ್ತದೆ. ಆಚೆ ಹೈಸ್ಕೂಲುಗಳಲ್ಲಿ ಹತ್ತಿರ ಹತ್ತಿರ ಎರಡು ದಶಕಗಳಿಂದ ಲಿನಕ್ಸ್ ನಡೆಯುತ್ತಿದೆ. ಐಸಿಟಿ ಪಾಠಪುಸ್ತಕದಲ್ಲಿ ಯಾವ ಪ್ರೋಗ್ರಾಂ ಇದೆಯೋ ಅದು ಯಂತ್ರದಲ್ಲೂ ಇರುತ್ತದೆ. ಈಚೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಒಂದೊಂದು ಶಾಲೆಯದ್ದು ಒಂದೊಂದು ಕಥೆ. ಯಂತ್ರ ಚೆನ್ನಾಗಿರುತ್ತದೆ, ಕರೆಂಟೂ ಇರುತ್ತದೆ, ಪ್ರೋಗ್ರಾಂ ಮಾತ್ರ ತೆರೆಯುವುದಿಲ್ಲ.

ಇದಕ್ಕೆ ಹಣದ ಕೊರತೆ ಕಾರಣ ಎಂದು ಹೇಳುವುದು ಸುಲಭ. ಕಾರಣ ಬೇರೆಯೇ ಇದೆ, ಅದಕ್ಕೆ ಸ್ವಲ್ಪ ಹಳೆಯ ಚರಿತ್ರೆಯೂ ಇದೆ.

ಮೊದಲು ಲಿನಕ್ಸಿನ ಒಳಗಿನ ವ್ಯವಸ್ಥೆ ಹೇಗೆ ಎಂದು ನೋಡೋಣ. ನಮ್ಮ ಊರುಗಳಲ್ಲಿ ಮದುವೆ, ಗೃಹಪ್ರವೇಶಕ್ಕೆ ದೊಡ್ಡ ಪಾತ್ರೆಗಳನ್ನು ಪ್ರತಿ ಮನೆಯವರೂ ಕೊಂಡಿಡುವುದಿಲ್ಲ. ಕೊಪ್ಪರಿಗೆ, ಕಟಾರ, ಸೌಟು ಎಲ್ಲ ದೇವಸ್ಥಾನದಲ್ಲೋ ಭಜನಾ ಮಂದಿರದಲ್ಲೋ ಇರುತ್ತವೆ. ಕೆಲಸ ಇದ್ದವರು ತಂದು, ತೊಳೆದು ಹಿಂದೆ ಕೊಡುತ್ತಾರೆ. ಲಿನಕ್ಸಿನಲ್ಲೂ ಹಾಗೆಯೇ. ಅಕ್ಷರ ಬಿಡಿಸುವುದು, ಕಿಟಕಿ ತೆರೆಯುವುದು, ಶಬ್ದ ಹೊರಡಿಸುವುದು ಎಲ್ಲ ಪ್ರೋಗ್ರಾಂಗಳಿಗೂ ಬೇಕಾದ ಕೆಲಸಗಳು. ಅವನ್ನು ‘ಲೈಬ್ರರಿ’ ಎಂಬ ಹಂಚಿಕೆಯ ಫೈಲುಗಳಲ್ಲಿ ಒಮ್ಮೆ ಇಟ್ಟರೆ ಸಾಕು, ಎಲ್ಲರೂ ಅದನ್ನೇ ಬಳಸುತ್ತಾರೆ. ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ, ಒಂದು ಕಡೆ ರಿಪೇರಿ ಮಾಡಿದರೆ ಎಲ್ಲರಿಗೂ ಸಿಗುತ್ತದೆ.

ತೊಂದರೆ ಬರುವುದು ಪಾತ್ರೆ ಬದಲಾದಾಗ. ಹಳೆಯ ಕೊಪ್ಪರಿಗೆಯ ಅಳತೆಗೆ ಒಲೆ ಕಟ್ಟಿಸಿಕೊಂಡ ಅಡುಗೆಯವರಿಗೆ ಹೊಸ ಕೊಪ್ಪರಿಗೆ ಕೂರುವುದಿಲ್ಲ. ಯಾವ ಪ್ರೋಗ್ರಾಮಿಗೆ ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಎಂದು ಬರೆದಿಟ್ಟು, ಎಲ್ಲವನ್ನೂ ಹೊಂದಿಸಿ ಕೊಡುವ ಕೆಲಸಕ್ಕೆ ‘ಪ್ಯಾಕೇಜಿಂಗ್’ ಎನ್ನುತ್ತಾರೆ. ಲಿನುಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದು 1991ರಲ್ಲಿ. ಎರಡು ವರ್ಷದ ನಂತರ, 1993ರಲ್ಲಿ, ಇಯಾನ್ ಮರ್ಡಾಕ್ ಡೆಬಿಯನ್ ಕಟ್ಟಲು ಹೊರಟದ್ದು ಮುಖ್ಯವಾಗಿ ಈ ಹೊಂದಿಸುವ ಕೆಲಸಕ್ಕೇ. ನಂತರ ಬಂದ ‘ಆಪ್ಟ್’ ಎಂಬ ಸಾಧನ, ಒಂದು ಪ್ರೋಗ್ರಾಂ ಕೇಳಿದರೆ ಅದಕ್ಕೆ ಬೇಕಾದ ಉಳಿದದ್ದನ್ನೂ ತಾನೇ ತರುವಂತೆ ಮಾಡಿತು. 2004ರಲ್ಲಿ ಬಂದ ಉಬುಂಟು ಇದೇ ಡೆಬಿಯನ್ನಿನ ಮೇಲೆ ನಿಂತಿದೆ.

ಮಕ್ಕಳ ಪ್ರೋಗ್ರಾಂಗಳು ಬಂದದ್ದು ಇದೇ ಹೊತ್ತಿಗೆ. 2000ದಲ್ಲಿ ಫ್ರಾನ್ಸಿನ ಬ್ರೂನೋ ಕುದ್ವಾನ್ ‘ಜಿಕಾಂಪ್ರಿ’ ಶುರು ಮಾಡಿದರು. ಹೆಸರಿಗೆ ಫ್ರೆಂಚಿನಲ್ಲಿ ‘ನನಗೆ ಅರ್ಥವಾಯಿತು’ ಎಂದು ಅರ್ಥ. 2001ರಲ್ಲಿ ನಾರ್ವೆಯಲ್ಲಿ ಶಾಲೆಗಳಿಗೆಂದೇ ಸ್ಕೋಲೆಲಿನಕ್ಸ್ ಬಂತು. 2002ರಲ್ಲಿ ಅಮೆರಿಕದ ಬಿಲ್ ಕೆಂಡ್ರಿಕ್ ಮಕ್ಕಳಿಗೆ ಚಿತ್ರ ಬಿಡಿಸಲು ‘ಟಕ್ಸ್ ಪೇಂಟ್’ ಮಾಡಿದರು. 2005ರಲ್ಲಿ ಎಡುಬುಂಟು ಬಂತು.

ಆಗ ನಮ್ಮ ಕಡೆ ಇಂಟರ್ನೆಟ್ ಎಂದರೆ ಪೇಟೆಯ ಸೈಬರ್ ಕೆಫೆ. ಹಾಗಾದರೆ ಇವು ಇಲ್ಲಿಗೆ ತಲುಪಿದ್ದು ಹೇಗೆ? ಹೆಚ್ಚಾಗಿ ಅಂಚೆಯಲ್ಲಿ. 2003ರಿಂದ ‘ಲಿನಕ್ಸ್ ಫಾರ್ ಯು’ ಪತ್ರಿಕೆ ತನ್ನ ಸಂಚಿಕೆಯ ಜೊತೆ ಸಿಡಿ ಕೊಡುತ್ತಿತ್ತು. ಉಬುಂಟು ಕಂಪೆನಿ ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸಿಡಿ ಕಳುಹಿಸುತ್ತಿತ್ತು. ಅಂಚೆ ಖರ್ಚೂ ಅವರದ್ದೇ. ‘ಶಿಪ್‌ಇಟ್’ ಎಂಬ ಆ ಯೋಜನೆ 2011ರ ಏಪ್ರಿಲಿನಲ್ಲಿ ನಿಂತಿತು. ಒಮ್ಮೆ ಕಾಲೇಜಿನವರ ಕೈಗೆ ಬಂದ ಸಿಡಿ ಹತ್ತು ಕೈ ಬದಲಾಗುತ್ತಿತ್ತು. ಆದರೆ ಸಿಡಿಯಲ್ಲಿ ಇಲ್ಲದ ಪ್ರೋಗ್ರಾಂ ಬೇಕಾದರೆ ಅದಕ್ಕೆ ಬೇಕಾದ ಲೈಬ್ರರಿಗಳಿಗಾಗಿ ಮತ್ತೆ ಇಂಟರ್ನೆಟ್ಟೇ ಗತಿ. ಒಂದು ಫೈಲ್ ಪೆನ್‌ಡ್ರೈವಿನಲ್ಲಿ ತಂದರೆ ಅದು ಇನ್ನೊಂದನ್ನು ಕೇಳುತ್ತಿತ್ತು, ಇನ್ನೊಂದು ತಂದರೆ ಮತ್ತೊಂದನ್ನು.

ಕನ್ನಡದ ವಿಷಯದಲ್ಲಿ ಈ ಹಂಚಿಕೆಯ ಪಾತ್ರೆಗಳ ಬೆಲೆ ಏನೆಂದು ಟಕ್ಸ್ ಪೇಂಟ್ ನೋಡಿದರೆ ತಿಳಿಯುತ್ತದೆ. ಇಂಗ್ಲಿಷಿಗೆ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಸಾಕು. ಕನ್ನಡಕ್ಕೆ ಅದು ಸಾಲದು, ಒತ್ತಕ್ಷರ ಕೆಳಗೆ ಕೂರಬೇಕು, ಅರ್ಕಾವೊತ್ತು ಪಕ್ಕಕ್ಕೆ ಬರಬೇಕು. ಆ ಜ್ಞಾನ ಇಲ್ಲದ ಪ್ರೋಗ್ರಾಂ ‘ಬಣ್ಣ’ ಎಂಬುದನ್ನು ‘ಬಣ್‌ಣ’ ಎಂದು ಒಡೆದು ತೋರಿಸುತ್ತದೆ. 2007ರಲ್ಲಿ ಬಂದ ಟಕ್ಸ್ ಪೇಂಟ್ 0.9.18 ಆವೃತ್ತಿ ‘ಪ್ಯಾಂಗೊ’ ಎಂಬ ಹಂಚಿಕೆಯ ಲೈಬ್ರರಿಯನ್ನು ಬಳಸಲು ಶುರು ಮಾಡಿತು. ಭಾರತದ ಲಿಪಿಗಳನ್ನು ಜೋಡಿಸುವುದು ಹೇಗೆಂದು ಪ್ಯಾಂಗೊಗೆ ಗೊತ್ತಿತ್ತು. ಅಮೆರಿಕದಲ್ಲಿ ಕುಳಿತ ಕೆಂಡ್ರಿಕ್ ಕನ್ನಡ ಕಲಿಯಬೇಕಾಗಿ ಬರಲಿಲ್ಲ. ಬೇರೆ ಯಾರೋ ಮಾಡಿಟ್ಟ ಕೆಲಸ ನಮ್ಮ ಮಕ್ಕಳ ಪರದೆಗೆ ಬಂತು.

ಇಂದು ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ‘ಹಾರ್ಫ್‌ಬಜ್’ ಎಂಬ ಲೈಬ್ರರಿ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲಕ್ಕೂ ಅದೇ ಆಧಾರ. ನೀವು ಈ ಬರಹವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಈ ಸಾಲಿನ ಒತ್ತಕ್ಷರಗಳನ್ನು ಜಾಗಕ್ಕೆ ಕೂರಿಸಿದ್ದೂ ಅದೇ.

ನಮ್ಮ ಊರಿನವರ ಪಾಲೂ ಈ ಪೆಟ್ಟಿಗೆಯಲ್ಲಿದೆ. ಗುರುಪುರದ ಹತ್ತಿರದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಅದೂ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಒಂದು ಸಣ್ಣ ಫೈಲ್. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳಿಗೆ ಡೆಬಿಯನ್‌ನಲ್ಲಿ ಪ್ರತ್ಯೇಕ ಪ್ಯಾಕೇಜುಗಳೇ ಇವೆ.

ಇನ್ನು ಒಡೆದುಹೋದದ್ದರ ಕಥೆ. ಕೆಡಿಇ ಎಂಬ ಗುಂಪಿನ ಕಲಿಕಾ ಪ್ರೋಗ್ರಾಂಗಳು ‘ಕ್ಯೂಟಿ’ ಎಂಬ ಲೈಬ್ರರಿಯ ಮೇಲೆ ನಿಂತಿವೆ. ರಸಾಯನಶಾಸ್ತ್ರದ ಕಾಲ್ಜಿಯಂ, ಭೂಗೋಳದ ಮಾರ್ಬಲ್ ಆ ಗುಂಪಿನವು. ಕ್ಯೂಟಿ 4 ಬಂದದ್ದು 2005ರಲ್ಲಿ, 5 ಬಂದದ್ದು 2012ರಲ್ಲಿ, 6 ಬಂದದ್ದು 2020ರಲ್ಲಿ. ಪ್ರತಿ ಸಲವೂ ಪ್ರೋಗ್ರಾಂಗಳನ್ನು ತಿದ್ದಿ ಬರೆಯಬೇಕಾಯಿತು. ತಿದ್ದುವವರು ಇಲ್ಲದವು ಬಿದ್ದುಹೋದವು. ಉಬುಂಟು 20.04ರಲ್ಲಿ ಕ್ಯೂಟಿ 4 ಅನ್ನೇ ತೆಗೆದುಹಾಕಲಾಯಿತು. ಅದೇ ವರ್ಷದ ಜನವರಿ 1ಕ್ಕೆ ಪೈಥಾನ್ 2 ಭಾಷೆಯ ಆಯುಸ್ಸು ಮುಗಿದಿತ್ತು, ಅದರಲ್ಲಿ ಬರೆದ ಮಕ್ಕಳ ಆಟಗಳೂ ಅದರ ಜೊತೆ ಹೋದವು. ಜಿಕಾಂಪ್ರಿ ಉಳಿದದ್ದು ಅದರ ತಂಡ 2014ರ ಹೊತ್ತಿಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳನ್ನು ಕ್ಯೂಟಿಯಲ್ಲಿ ಹೊಸದಾಗಿ ಬರೆಯಲು ಕುಳಿತದ್ದರಿಂದ.

ಶಾಲೆಯ ಯಂತ್ರದಲ್ಲಿ ಇದು ಹೇಗೆ ಕಾಣುತ್ತದೆ? ಯಾರೋ ಉಬುಂಟುವಿನ ಒಂಬತ್ತು ತಿಂಗಳ ಆವೃತ್ತಿ ಹಾಕಿಕೊಟ್ಟು ಹೋಗಿರುತ್ತಾರೆ. ಅವಧಿ ಮುಗಿದ ಕೆಲವು ಸಮಯದ ನಂತರ ಅದರ ಪ್ಯಾಕೇಜುಗಳನ್ನು ಬೇರೆ ವಿಳಾಸಕ್ಕೆ ಸಾಗಿಸಿಬಿಡುತ್ತಾರೆ. ಮೇಷ್ಟ್ರು ಹೊಸ ಪ್ರೋಗ್ರಾಂ ಹಾಕಲು ಹೋದರೆ ‘404’ ಎಂದು ಬರುತ್ತದೆ. ಯಂತ್ರ ಕೆಟ್ಟಿಲ್ಲ, ಮೇಷ್ಟ್ರದ್ದೂ ತಪ್ಪಿಲ್ಲ. ಪಾತ್ರೆ ಇದ್ದ ಮಂದಿರವೇ ಬೇರೆ ಕಡೆಗೆ ಹೋಗಿದೆ, ವಿಳಾಸ ಹೇಳುವವರಿಲ್ಲ.

ಕೇರಳದಲ್ಲಿ ಈ ವಿಳಾಸ ಹೇಳುವವರು ಇದ್ದರು. ಐಟಿ ಅಟ್ ಸ್ಕೂಲ್ ಯೋಜನೆ ಅಲ್ಲಿ 2001ರಲ್ಲಿ ಶುರುವಾಯಿತು. ಅದಕ್ಕೆ ದಾರಿ ತೋರಿಸಿದ ಕಾರ್ಯಪಡೆಯ ಅಧ್ಯಕ್ಷರು ನಮ್ಮ ಉಡುಪಿ ಅದಮಾರಿನ ಪ್ರೊ. ಯು. ಆರ್. ರಾವ್, ಇಸ್ರೋದ ಮಾಜಿ ಅಧ್ಯಕ್ಷರು. ತುಳುನಾಡಿನವರೊಬ್ಬರ ವರದಿಯಿಂದ ಪೆರ್ಲದ ಮಕ್ಕಳಿಗೆ ಪ್ರಯೋಜನ ಆಯಿತು, ಅಡ್ಯನಡ್ಕದ ಮಕ್ಕಳಿಗೆ ಆಗಲಿಲ್ಲ ಎಂಬುದನ್ನು ನಮ್ಮ ಕಡೆ ಯಾರೂ ಹೆಚ್ಚು ಮಾತಾಡಿದ್ದು ಕೇಳಿಲ್ಲ.

ಕೆಲವು ವರ್ಷಗಳಲ್ಲಿ ಆ ಯೋಜನೆ ಪೂರ್ತಿಯಾಗಿ ಲಿನಕ್ಸಿಗೆ ಬಂತು. ಮೊದಲು ಡೆಬಿಯನ್, ನಂತರ ಉಬುಂಟು. 2017ರಲ್ಲಿ ಅದು ‘ಕೈಟ್’ ಎಂಬ ಸರಕಾರಿ ಕಂಪೆನಿಯಾಯಿತು. 2019ರಲ್ಲಿ ಉಬುಂಟು 18.04 ಆಧಾರದ ವ್ಯವಸ್ಥೆಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಕೊಡುವಾಗ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹೇಳಿದರು. ಒಂದು ಯಂತ್ರಕ್ಕೆ ಒಂದೂವರೆ ಲಕ್ಷ ಆಯಿತು. ನನಗೆ ಆ ಲೆಕ್ಕ ಸ್ವಲ್ಪ ಉದ್ದವಾಯಿತು ಅನಿಸುತ್ತದೆ. ಆದರೆ ಹಣಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಜಿಯೋಜೀಬ್ರ, ಇಂಕ್‌ಸ್ಕೇಪ್, ಕ್ಯೂಜಿಐಎಸ್ ಹೀಗೆ ಪಾಠಕ್ಕೆ ಬೇಕಾದ ಎಲ್ಲವನ್ನೂ, ಅವುಗಳ ಲೈಬ್ರರಿಗಳ ಸಮೇತ, ಒಂದೇ ತಂಡ ಹೊಂದಿಸಿ, ಓಡಿಸಿ ನೋಡಿ ಕಳುಹಿಸುತ್ತದೆ. ಪುಸ್ತಕ ಕನ್ನಡದಲ್ಲೂ ಬರುತ್ತದೆ. ಶಾಲೆಯ ಮೇಷ್ಟ್ರುಗಳಲ್ಲೇ ಒಬ್ಬರು ಲ್ಯಾಬಿನ ಹೊಣೆ ಹೊತ್ತಿರುತ್ತಾರೆ.

ನಮ್ಮಲ್ಲಿ ಪ್ರಯತ್ನ ಆಗಲಿಲ್ಲ ಎಂದಲ್ಲ. ಮಾಹಿತಿ ಸಿಂಧು ಆಯಿತು, ನಂತರ ಐಸಿಟಿ ಯೋಜನೆ ಬಂತು. ಖಾಸಗಿ ಕಂಪೆನಿ ಯಂತ್ರ ತಂದು, ಕಲಿಸುವವರನ್ನೂ ಕೊಟ್ಟು, ಐದು ವರ್ಷ ನಡೆಸಿ ಶಾಲೆಗೆ ಬಿಟ್ಟುಕೊಡುವ ಒಪ್ಪಂದ ಅದು. ಐದು ವರ್ಷ ಮುಗಿದಾಗ ಯಂತ್ರ ಶಾಲೆಗೆ ಸಿಕ್ಕಿತು, ಅದನ್ನು ತಿಳಿದವರು ಹೊರಟುಹೋದರು. 2011ರಿಂದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಹೈಸ್ಕೂಲು ಶಿಕ್ಷಕರು ಉಬುಂಟು, ಜಿಯೋಜೀಬ್ರ ಕಲಿತರು. ನನ್ನ ಪ್ರಕಾರ ನಮ್ಮ ರಾಜ್ಯದಲ್ಲಿ ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ ಅದೇ. ಆದರೆ ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಲೈಬ್ರರಿಗೆ ಹೊಸ ಆವೃತ್ತಿ ಬರುತ್ತದೆ. ಎಲ್ಲ ಶಾಲೆಗಳಿಗೂ ವರ್ಷ ವರ್ಷ ಹೊಂದಿಸಿ ಕಳುಹಿಸುವ ಒಂದು ಕಾಯಂ ಮನೆ ಇಲ್ಲಿ ನಿಲ್ಲಲಿಲ್ಲ.

ಇತ್ತೀಚೆಗೆ ಇನ್ನೊಂದು ದಾರಿ ಬಂದಿದೆ. ಕೇಟರಿಂಗ್‌ನವರು ಪಾತ್ರೆಯನ್ನೂ ತಾವೇ ಪಿಕಪ್‌ನಲ್ಲಿ ತರುವ ಹಾಗೆ, ಪ್ರೋಗ್ರಾಂ ತನ್ನ ಲೈಬ್ರರಿಗಳನ್ನು ಜೊತೆಗೇ ತರುವುದು. ಸ್ನ್ಯಾಪ್, ಆಪ್‌ಇಮೇಜ್ ಹೀಗೆ ಕೆಲಸ ಮಾಡುತ್ತವೆ. 2016ರಲ್ಲಿ ಹೆಸರು ಪಡೆದ ‘ಫ್ಲಾಟ್‌ಪ್ಯಾಕ್’ ಮಧ್ಯದ ದಾರಿ ಹಿಡಿಯಿತು. ‘ರನ್‌ಟೈಮ್’ ಎಂಬ ದೊಡ್ಡ ಪಾತ್ರೆ ಸೆಟ್ ಒಂದನ್ನು ಒಮ್ಮೆ ಇಳಿಸಿಕೊಂಡರೆ, ಅದನ್ನೇ ಬಳಸುವ ಎಲ್ಲ ಪ್ರೋಗ್ರಾಂಗಳಿಗೂ ಅದು ಸಾಕು. ಹಳೆಯ ಉಬುಂಟುವಿನಲ್ಲೂ ಹೊಸ ಜಿಕಾಂಪ್ರಿ ಓಡುತ್ತದೆ.

ಆದರೆ ಆ ಸೆಟ್ ಕೆಲವು ನೂರು ಎಂಬಿ ಇರುತ್ತದೆ. ಎರಡನೇ ಪ್ರೋಗ್ರಾಮಿಗೆ ಬೇರೆ ಆವೃತ್ತಿಯ ಸೆಟ್ ಬೇಕಾದರೆ ಅದನ್ನೂ ಇಳಿಸಬೇಕು. ದಿನಕ್ಕೆ ಒಂದೂವರೆ ಜಿಬಿ ರೀಚಾರ್ಜಿನಲ್ಲಿ, ಮೇಷ್ಟ್ರ ಫೋನಿನ ಹಾಟ್‌ಸ್ಪಾಟಿನಲ್ಲಿ ಹತ್ತು ಯಂತ್ರಕ್ಕೆ ಅದನ್ನು ಹಾಕುವುದು ಚಾರ್ಮಾಡಿ ಬದಿಯ ಶಾಲೆಯಲ್ಲಿ ಆಗುವ ಮಾತಲ್ಲ. ಒಂದು ಯಂತ್ರಕ್ಕೆ ಇಳಿಸಿ ಪೆನ್‌ಡ್ರೈವಿನಲ್ಲಿ ಉಳಿದವುಗಳಿಗೆ ಕೊಡುವ ಸೌಲಭ್ಯ ಫ್ಲಾಟ್‌ಪ್ಯಾಕಿನಲ್ಲಿ ಇದೆ. ಅದನ್ನು ಮಾಡಲು ತಿಳಿದವರು ಬೇಕು. ಮೂಡುಬಿದಿರೆ, ಉಜಿರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಥ ಹುಡುಗರು, ಹುಡುಗಿಯರು ಬೇಕಾದಷ್ಟು ಇದ್ದಾರೆ.

ಕೈಟ್ 2024ರಲ್ಲಿ ಉಬುಂಟು 22.04ರ ಆಧಾರಕ್ಕೆ ಬಂದಿದೆ. ಆ ಆವೃತ್ತಿಗೆ ಮಾಮೂಲಿ ಬೆಂಬಲ ಇರುವುದು 2027ರವರೆಗೆ. ಅಷ್ಟರೊಳಗೆ ಆಚೆಯ ತಂಡ ಮತ್ತೆ ಎಲ್ಲ ಪಾತ್ರೆಗಳನ್ನು ಹೊಂದಿಸಲು ಕೂರಬೇಕು. ಈಚೆ ಹಳೆಯ ಯಂತ್ರ ಇನ್ನೂ ನಡೆಯುತ್ತಿರುವ ಶಾಲೆಯ ಶಿಕ್ಷಕರು ಇದನ್ನು ಓದುತ್ತಿದ್ದರೆ ಒಂದು ಸಣ್ಣ ಕೆಲಸ ಮಾಡಬಹುದು. ಆಪ್ಟ್ ಇಳಿಸಿದ ಪ್ಯಾಕೇಜುಗಳು, ಯಾರೂ ಅಳಿಸದಿದ್ದರೆ, ಯಂತ್ರದ ‘ವಾರ್’ ಫೋಲ್ಡರಿನ ಒಳಗೆ ‘ಕ್ಯಾಶ್’, ಅದರೊಳಗೆ ‘ಆಪ್ಟ್’, ಅದರೊಳಗೆ ‘ಆರ್ಕೈವ್ಸ್’ ಎಂಬಲ್ಲಿ ಇರುತ್ತವೆ. ಒಂದಕ್ಕೊಂದು ಹೊಂದಿಕೊಂಡು ಓಡಿದ ಸೆಟ್ ಅದು, ಅದೇ ಆವೃತ್ತಿ ಇರುವ ಪಕ್ಕದ ಯಂತ್ರಕ್ಕೆ ಇಂಟರ್ನೆಟ್ ಇಲ್ಲದೆಯೂ ಹಾಕಬಹುದು. ಏಪ್ರಿಲ್-ಮೇ ಗುಡುಗು ಸಿಡಿಲಿಗೆ ಮೊದಲು ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿಡಿ, ಮೇಲೆ ಉಬುಂಟುವಿನ ಆವೃತ್ತಿಯ ಸಂಖ್ಯೆ ಬರೆದು.